ಪರದೇಶದಲ್ಲಿ ಕೇಳಿಸಿದ ನಮ್ಮೂರ ಹಾಡು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗಗಳ ಗಾನವೃಂದಗಳ ಕೂಟದಲ್ಲಿ ಮಾಡಿದ ಭಾಷಣ)



 ಐವತ್ತು ವರ್ಷಗಳಿಂದ ಹಾರ್ಮೋನಿಯಮ್ಮಿನ ಹಿಂದೆ ಕುಳಿತು ರೂಢಿಯಾದವನಿಗೆ ಮೈಕಿನ ಮುಂದೆ ನಿಲ್ಲುವುದು ಸುಲಭವಲ್ಲ. ಹಾಡಿನಲ್ಲಿ ತಪ್ಪಿದರೆ ತಬಲೆಯವನ ಮೇಲೆ ಹಾಕಬಹುದು. ಮಾತಿನಲ್ಲಿ ತಪ್ಪಿದರೆ ಯಾರ ಮೇಲೆ ಹಾಕುವುದು?

ದೇವಾಲಯದ ಹಾಡುಗಾರನಿಗೆ ವಿದೇಶಯಾತ್ರೆಯಿಂದ ಆಗುವ ಪ್ರಯೋಜನವೇನು ಎಂಬುದು ನನಗೆ ಕೊಟ್ಟಿರುವ ವಿಷಯ. ಇದನ್ನು ಕೇಳಿ ತಮ್ಮಲ್ಲಿ ಕೆಲವರು ಒಳಗೊಳಗೇ ನಕ್ಕಿರಬಹುದು. ಹುಬ್ಬಳ್ಳಿಗೆ ಹೋಗಿ ಒಂದು ತಬಲೆಯ ಜೋಡಿ ತರುವುದಕ್ಕೇ ಮೂರು ಸಲ ಲೆಕ್ಕ ಹಾಕುವವರು ನಾವು. ನಾನೂ ಜನ್ಮದಲ್ಲಿ ಒಂದೇ ಒಂದು ಸಲ ಹೋಗಿಬಂದವನು. ನಿವೃತ್ತಿಯ ಹಣದಲ್ಲಿ ಅರ್ಧ, ಮಗ ಕೊಟ್ಟದ್ದು ಅರ್ಧ. 2018ರ ಅಕ್ಟೋಬರಿನಲ್ಲಿ ಯಾತ್ರಿಕರ ಒಂದು ತಂಡದೊಂದಿಗೆ ಹನ್ನೆರಡು ದಿನ. ಅಲ್ಲಿ ಆದದ್ದನ್ನು ಹೇಳುವ ಮೊದಲು, ಹೊರಡುವ ಹೊತ್ತಿಗೆ ನನ್ನ ಸ್ಥಿತಿ ಹೇಗಿತ್ತೆಂಬುದನ್ನು ಅರಿಕೆ ಮಾಡಿಕೊಳ್ಳಬೇಕು. ಇಲ್ಲವಾದರೆ ರೋಗ ಹೇಳದೆ ಮದ್ದಿನ ಗುಣ ಹೇಳಿದಂತಾದೀತು.

ನನ್ನ ತಂದೆಯವರು ಉಪದೇಶಿಗಳಾಗಿದ್ದರು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕಾಲದಲ್ಲಿ ನಾನಾ ಸೀಮೆಗಳಿಂದ ಕೂಲಿಗಾಗಿಯೂ ನೌಕರಿಗಾಗಿಯೂ ಮುನಿರಾಬಾದಿಗೆ ಬಂದವರಲ್ಲಿ ಕಥೋಲಿಕರೂ ಇದ್ದರು. ಮುಂದೆ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿಯ ಸುತ್ತಮುತ್ತ ಆಂಧ್ರದ ರೈತರ ಕ್ಯಾಂಪುಗಳು ತಲೆಯೆತ್ತಿದವು. ಮುದಗಲ್ಲಿನ ಕಡೆಯ ಹಳೆಯ ಕ್ರೈಸ್ತ ಮನೆತನದವರು ಕೆಲವರು ಅದಕ್ಕೂ ಮೊದಲೇ ಇತ್ತ ಬಂದು ನೆಲೆಸಿದ್ದರು. ತಮಿಳು, ತೆಲುಗು, ಮಲೆಯಾಳ, ಕನ್ನಡ ಎಲ್ಲವೂ ಒಂದೇ ಚಾವಣಿಯ ಕೆಳಗೆ ಸೇರಿದ ಸಭೆಗೆ ಹಾಡು ಕಲಿಸುವ ಕೆಲಸ ತಂದೆಯವರ ಪಾಲಿಗೆ ಬಂದಿತ್ತು. ಆಗ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ. ಅರ್ಥ ತಿಳಿಯದಿದ್ದರೂ 'ಸಾಂಕ್ತುಸ್' ಬಂದಾಗ ಹೊಲದಿಂದ ನೇರವಾಗಿ ಬಂದ ಆಳುಗಳು ಕೂಡ ತಲೆಬಾಗಿಸಿ ದನಿಗೂಡಿಸುತ್ತಿದ್ದುದು ನನ್ನ ಬಾಲ್ಯದ ನೆನಪು.

1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ಅಂಗೀಕರಿಸಿದ ಪೂಜಾವಿಧಿಯ ಸಂವಿಧಾನವನ್ನು ಜಗದ್ಗುರು ಆರನೇ ಪೌಲರು ಪ್ರಕಟಿಸಿದರು. ನಮ್ಮ ಭಾಷೆಗೆ ಬಲಿಪೀಠದ ಬಳಿ ಸ್ಥಾನ ದೊರೆತದ್ದು ಆ ಬಾಗಿಲಿನಿಂದಲೇ. ಒಂದೊಂದು ಜನಾಂಗಕ್ಕೂ ಅದರದೇ ಆದ ಸಂಗೀತ ಪರಂಪರೆ ಇರುವುದರಿಂದ ಅದಕ್ಕೆ ಆರಾಧನೆಯಲ್ಲಿ ತಕ್ಕ ಗೌರವ ಸಲ್ಲಬೇಕು ಎಂಬ ಮಾತೂ ಆ ದಸ್ತಾವೇಜಿನಲ್ಲಿದೆ. ಮರುವರ್ಷ ಡಿಸೆಂಬರಿನಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಆರನೇ ಪೌಲರೇ ಬಂದರು. ಜಗದ್ಗುರುಗಳೊಬ್ಬರು ಭಾರತದ ನೆಲವನ್ನು ಮೆಟ್ಟಿದ್ದು ಅದೇ ಮೊದಲು. ತಂದೆಯವರು ಸಾಲ ಮಾಡಿ ಮುಂಬಯಿಗೆ ಹೋದರು. ಬಹುದೂರದಲ್ಲಿ ಒಂದು ಬಿಳಿಯ ಚುಕ್ಕೆಯನ್ನು ಕಂಡು ಬಂದರು. ಆ ಚುಕ್ಕೆಯ ವಿಷಯವನ್ನು ಸಾಯುವವರೆಗೂ ಹೇಳಿದರು.

ಅಂಥವರ ಹಾರ್ಮೋನಿಯಂ ನನ್ನ ಕೈಗೆ ಬಂತು. ಹಗಲು ಕನ್ನಡ ಶಾಲೆಯ ಮಾಸ್ತರಿಕೆ, ಶನಿವಾರ ಸಂಜೆ ತಾಲೀಮು, ಭಾನುವಾರ ಪೂಜೆ. ಮೊದಲ ಇಪ್ಪತ್ತು ವರ್ಷ ಇದು ಭಾಗ್ಯವೆನಿಸಿತ್ತು. ಆಮೇಲೆ ಏನಾಯಿತೆಂದು ನಿಖರವಾಗಿ ಹೇಳಲಾರೆ. ಗಾನವೃಂದವನ್ನು ನಡೆಸುವವರಿಗೆ ಮಾತ್ರ ಇದು ತಿಳಿದೀತು: ಪೂಜೆಯ ಒಂದು ಗಂಟೆಯೂ ನಾವು ದೇವಾಲಯದಲ್ಲಿರುತ್ತೇವೆ, ಪೂಜೆಯಲ್ಲಿರುವುದಿಲ್ಲ. ಮೊದಲನೆಯ ವಾಚನ ನಡೆಯುವಾಗ ಕೀರ್ತನೆಯ ಪುಟ ಹುಡುಕುತ್ತೇವೆ. ಪ್ರಬೋಧನೆಯ ಹೊತ್ತಿಗೆ ಕಾಣಿಕೆ ಗೀತೆಗೆ ಯಾರು ದನಿ ಎತ್ತಬೇಕೆಂದು ಸನ್ನೆ ಮಾಡುತ್ತೇವೆ. ಪರಮಪ್ರಸಾದವನ್ನು ಎಲ್ಲರಿಗಿಂತ ಕೊನೆಗೆ, ಓಡಿಹೋಗಿ ಸ್ವೀಕರಿಸಿ, ಬಾಯಲ್ಲಿರುವಂತೆಯೇ ಬಂದು ಮುಂದಿನ ಹಾಡಿನ ಶ್ರುತಿ ಹಿಡಿಯುತ್ತೇವೆ. ಹೀಗೆ ಎಷ್ಟು ವರ್ಷ ನಾನು ಪ್ರಾರ್ಥಿಸದೆಯೇ ಇತರರಿಗೆ ಪ್ರಾರ್ಥನೆ ಹಾಡಿಸಿದೆನೋ ದೇವರೇ ಬಲ್ಲ.

2009ರಲ್ಲಿ ದಾನಿಯೊಬ್ಬರ ಕೃಪೆಯಿಂದ ಕೀಬೋರ್ಡ್ ಬಂತು, ಅದರ ಹಿಂದೆ ದೊಡ್ಡ ಸ್ಪೀಕರುಗಳು ಬಂದವು. ಅದುವರೆಗೆ ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆ ಹಾದಿ ಮುಗಿದ ಮೇಲೆ ಮೂವರು ಅಜ್ಜಿಯರು ನೆಲದ ಮೇಲೆ ಕುಳಿತು ಒಂದು ಹಾಡು ಹೇಳುತ್ತಿದ್ದರು. ಮುದಗಲ್ಲಿನ ಕಡೆಯಿಂದ ಅವರ ಹಿರಿಯರೊಂದಿಗೆ ಬಂದ ಹಾಡು. ಮರಿಯಮ್ಮನವರು ಮಗನನ್ನು ಹುಡುಕುತ್ತ ಹಾದಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತ ಹೋಗುವ ಕಥೆ. ಪ್ರತಿಯೊಂದು ನುಡಿಯ ಕೊನೆಗೂ ಉಸಿರು ಮುಗಿಯುವವರೆಗೆ ಎಳೆಯುವ ಒಂದು ಸ್ವರ. ನಮ್ಮ ಕಡೆ ಮೊಹರಮ್ಮಿನಲ್ಲಿ ಹಾಡುವ ರಿವಾಯತ ಪದಗಳನ್ನು ಕೇಳಿದವರಿಗೆ ಆ ಧಾಟಿಯ ಕಲ್ಪನೆ ಬಂದೀತು. ಕೀಬೋರ್ಡಿನೊಂದಿಗೆ ಅದು ಹೊಂದಲಿಲ್ಲ. ನಾನು ಎಷ್ಟು ಹುಡುಕಿದರೂ ಅವರ ಸ್ವರ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುತ್ತಿತ್ತು. ಆ ವರ್ಷ ಶುಭ ಶುಕ್ರವಾರದ ಹಿಂದಿನ ದಿನ, ಇನ್ನು ಮುಂದೆ ನೀವು ಹಾಡುವುದು ಬೇಡ, ಶ್ರುತಿ ಕೂಡುತ್ತಿಲ್ಲ ಎಂದು ಅವರಿಗೆ ಹೇಳಿದೆ. ಇಬ್ಬರು ಸುಮ್ಮನಿದ್ದರು. ಮೂರನೆಯವರು ಮಾತ್ರ, "ನಾವು ಹಾಡಿದ್ರ ದೇವ್ರಿಗೆ ತಿಳಿಯಂಗಿಲ್ಲೇನ್ರಿ ಮಾಸ್ತರ್ರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೆರಗು ಹೊದ್ದುಕೊಂಡು ಎದ್ದುಹೋದರು. ನನಗೆ ಆಗ ಕೆಡುಕೆನಿಸಲಿಲ್ಲ. ಕಾರ್ಯಕ್ರಮ ಅಚ್ಚುಕಟ್ಟಾಗಿ ಆಯಿತೆಂದು ಮರುದಿನ ಹಲವರು ಹೊಗಳಿದರು. ಅದೇ ನನ್ನ ರೋಗವಾಗಿತ್ತು.

ಇನ್ನು ಯಾತ್ರೆಯ ಮಾತು.

ನಾವು ರೋಮ್ ತಲುಪಿದ ಮೂರನೆಯ ದಿನ ಅಕ್ಟೋಬರ್ 14, ಭಾನುವಾರ. ಸಂತ ಪೇತ್ರರ ಮಹಾದೇವಾಲಯದ ಅಂಗಳದಲ್ಲಿ ಜಗದ್ಗುರು ಫ್ರಾನ್ಸಿಸರು ಆ ದಿನ ಏಳು ಜನರನ್ನು ಸಂತರೆಂದು ಸಾರಿದರು. ಅವರಲ್ಲಿ ಒಬ್ಬರು ಬಡವರ ಪರವಾಗಿ ಮಾತನಾಡಿದ್ದಕ್ಕಾಗಿ 1980ರಲ್ಲಿ ಬಲಿಪೂಜೆಯ ವೇಳೆಯಲ್ಲೇ ಗುಂಡಿಗೆ ಬಲಿಯಾದ ಎಲ್ ಸಾಲ್ವಡಾರಿನ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೇರೊ. ಇನ್ನೊಬ್ಬರು ನನ್ನ ತಂದೆಯವರು ಮುಂಬಯಿಯಲ್ಲಿ ಚುಕ್ಕೆಯಾಗಿ ಕಂಡಿದ್ದ ಆರನೇ ಪೌಲರು. ನನಗೂ ಆ ದಿನ ಕಂಡದ್ದು ಒಂದು ಬಿಳಿಯ ಚುಕ್ಕೆಯೇ. ಸಾಂಕ್ತುಸ್ ಆರಂಭವಾಯಿತು. ಐವತ್ತು ವರ್ಷಗಳಿಂದ ಹಾಡದ ಪದಗಳು ನನ್ನ ನಾಲಿಗೆಯ ಮೇಲೆ ತಾವಾಗಿಯೇ ಬಂದವು. ನನ್ನ ಎಡಕ್ಕೆ ಇದ್ದವರು ಆಫ್ರಿಕದ ಯಾವುದೋ ದೇಶದವರು, ಬಲಕ್ಕೆ ಇದ್ದವರು ಸ್ಪ್ಯಾನಿಷ್ ಮಾತನಾಡುವವರು. ಮೂವರಿಗೂ ಸಮಾನವಾದ ಮಾತು ಆ ಹಾಡೊಂದೇ. ನಮ್ಮ ಭಾಷೆಗೆ ಬಾಗಿಲು ತೆರೆದವರನ್ನು ಸಂತರನ್ನಾಗಿ ಮಾಡುತ್ತಿದ್ದ ದಿನವೇ ಲ್ಯಾಟಿನ್ ನನ್ನ ಕಣ್ಣಲ್ಲಿ ನೀರು ತರಿಸಿದ್ದು ವಿಚಿತ್ರವೇ ಸರಿ. ಹಳೆಯದನ್ನು ಮರೆಯಲೇಬೇಕೆಂದು ಆ ಮಹಾಸಭೆ ಎಂದೂ ಹೇಳಿರಲಿಲ್ಲ, ನಾವು ಹಾಗೆ ತಿಳಿದುಕೊಂಡೆವು, ಅಷ್ಟೇ.

ಮರುದಿನ ತಂಡದವರು ಅಂಗಡಿ ಬೀದಿಗೆ ಹೋದಾಗ ನಾನು ತ್ರಾಸ್ತೆವೆರೆ ಎಂಬ ಹಳೆಯ ಕೇರಿಯಲ್ಲಿರುವ ಸಂತ ಸಿಸಿಲಿಯಾರ ದೇವಾಲಯಕ್ಕೆ ಹೋದೆ. ಸಿಸಿಲಿಯಾ ನಮ್ಮ ಪಾಲಕಿ; ನವೆಂಬರ್ 22ರಂದು ಆಕೆಯ ಹಬ್ಬವನ್ನು ಆಚರಿಸದ ಗಾನವೃಂದವಿಲ್ಲ. ನಾವು ನೋಡುವ ಚಿತ್ರಗಳಲ್ಲಿ ಆಕೆ ಆರ್ಗನ್ ನುಡಿಸುತ್ತಲೋ ಮುಗಿಲು ನೋಡಿ ಹಾಡುತ್ತಲೋ ಇರುತ್ತಾಳೆ. ಅಲ್ಲಿ ಹಾಗಿಲ್ಲ. 1599ರಲ್ಲಿ ಆಕೆಯ ಸಮಾಧಿಯನ್ನು ತೆರೆದ ಮರುವರ್ಷ ಸ್ತೆಫಾನೊ ಮದೆರ್ನೊ ಎಂಬ ಶಿಲ್ಪಿ ಕಡೆದ ಬಿಳಿಯ ಅಮೃತಶಿಲೆಯ ಪ್ರತಿಮೆ ಬಲಿಪೀಠದ ಕೆಳಗಿದೆ. ಪಕ್ಕಕ್ಕೆ ಒರಗಿ ಮಲಗಿದ ಹುಡುಗಿ. ಕೊರಳಲ್ಲಿ ಕತ್ತಿಯ ಗಾಯ. ಮುಖ ನೆಲದ ಕಡೆಗೆ ತಿರುಗಿದೆ, ತಲೆಗೆ ಬಟ್ಟೆ ಸುತ್ತಿದೆ. ಬಾಯಿ ಕಾಣುವುದೇ ಇಲ್ಲ. ಒಂದು ಕೈಯ ಮೂರು ಬೆರಳು, ಇನ್ನೊಂದು ಕೈಯ ಒಂದು ಬೆರಳು ಮಾತ್ರ ಚಾಚಿವೆ. ತ್ರಿತ್ವವೂ ಏಕದೇವರೂ ಎಂಬ ವಿಶ್ವಾಸವನ್ನು ಸಾಯುವಾಗ ಬೆರಳಿನಿಂದ ಹೇಳಿದಳೆಂದು ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ.

ಆಕೆ ಸಂಗೀತಗಾರರ ಪಾಲಕಿಯಾದ ಕಥೆಯನ್ನು ತಾವು ಬಲ್ಲಿರಿ. ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ತನ್ನ ಹೃದಯದಲ್ಲೇ ದೇವರಿಗೆ ಹಾಡಿದಳಂತೆ. ಎಂದರೆ, ಇತರರು ನುಡಿಸುತ್ತಿದ್ದರು, ಆಕೆ ಬಾಯಿ ತೆರೆಯಲೇ ಇಲ್ಲ! ನೂರು ಸಲ ಗಾನವೃಂದದ ಮಕ್ಕಳಿಗೆ ಹೇಳಿದ ಕಥೆ ಅದು. ಅದರ ಒಳಮಾತು ನನಗೆ ಹೊಳೆದದ್ದು ಮುಖ ಕಾಣದ ಆ ಕಲ್ಲಿನ ಮುಂದೆ. ಹೊರಗೆ ಹಾಡುತ್ತ ಒಳಗೆ ಸುಮ್ಮನಿದ್ದವನು ನಾನು. ಆಕೆ ಹೊರಗೆ ಸುಮ್ಮನಿದ್ದು ಒಳಗೆ ಹಾಡಿದವಳು.

ಅಸ್ಸಿಸಿ, ಪಾದುವಾ, ವೆನಿಸ್ ಮುಂತಾದುವನ್ನು ನೋಡಿದೆವು. ಅವುಗಳ ವರ್ಣನೆ ಯಾತ್ರಾ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಹೇಳಿ ತಮ್ಮ ಕಾಲ ಹರಣ ಮಾಡುವುದಿಲ್ಲ. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ವಿಷಯವನ್ನು ಮಾತ್ರ ಹೇಳಲೇಬೇಕು.

ಅದು ಸಾಲ್ಸ್‌ಬುರ್ಗ್ ನಗರದ ಉತ್ತರಕ್ಕೆ, ಸಾಲ್ಸಾಖ್ ನದಿಯ ದಂಡೆಯ ಮೇಲಿದೆ. ಕ್ರಿಸ್ತಜಯಂತಿಯ ರಾತ್ರಿ ಪ್ರಪಂಚವೆಲ್ಲ ಹಾಡುವ 'ಸೈಲೆಂಟ್ ನೈಟ್' ಗೀತೆಯನ್ನು ಮೊಟ್ಟಮೊದಲು ಹಾಡಿದ್ದು ಅಲ್ಲಿ, 1818ರ ಡಿಸೆಂಬರ್ 24ರಂದು. ನಾವು ಹೋದಾಗ ಅದಕ್ಕೆ ಇನ್ನೂರು ವರ್ಷ ತುಂಬುವ ಹೊತ್ತು. ಹಾಡು ಬರೆದವರು ಜೋಸೆಫ್ ಮೋರ್ ಎಂಬ ಸಹಾಯಕ ಗುರು. ರಾಗ ಕೂಡಿಸಿದವನು ಫ್ರಾನ್ಸ್ ಕ್ಸೇವರ್ ಗ್ರೂಬರ್, ಪಕ್ಕದ ಹಳ್ಳಿಯ ಶಾಲಾ ಮಾಸ್ತರ. ಮಾಸ್ತರ ಎಂಬುದನ್ನು ಕೇಳಿ ನಾನು ಸ್ವಲ್ಪ ನೆಟ್ಟಗೆ ನಿಂತೆನೆಂದು ಒಪ್ಪಿಕೊಳ್ಳುತ್ತೇನೆ. ಎರಡು ಕಂಠ, ಒಂದು ಗಿಟಾರ್, ಅಷ್ಟೇ. ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತೆಂಬುದು ಜನ ಕಟ್ಟಿದ ಕಥೆ. ಟಿರೋಲಿನಿಂದ ಆರ್ಗನ್ ರಿಪೇರಿಗೆ ಬಂದ ಕುಶಲಕರ್ಮಿಯೊಬ್ಬ ಹಾಡನ್ನು ತನ್ನೂರಿಗೆ ಒಯ್ದ. ಅಲ್ಲಿನ ಸಂಚಾರಿ ಹಾಡುಗಾರ ಕುಟುಂಬಗಳು ಅದನ್ನು ದೇಶದೇಶಕ್ಕೆ ಹಬ್ಬಿಸಿದವು. ಬರೆದವರಾರೆಂಬುದು ಮರೆತೇಹೋಗಿ, ದೊಡ್ಡ ದೊಡ್ಡ ವಿದ್ವಾಂಸರ ಹೆಸರುಗಳು ಅದಕ್ಕೆ ಅಂಟಿಕೊಂಡವು. 1854ರಲ್ಲಿ ಬರ್ಲಿನ್ನಿನಿಂದ ವಿಚಾರಣೆ ಬಂದಾಗ ಮುದುಕನಾಗಿದ್ದ ಗ್ರೂಬರ್ ನಡೆದದ್ದನ್ನು ಬರೆದು ಕಳುಹಿಸಬೇಕಾಯಿತು. ಮೋರ್ ಗುರುಗಳು ಅಷ್ಟರಲ್ಲಿ ಬಡತನದಲ್ಲೇ ತೀರಿಕೊಂಡು ಆರು ವರ್ಷವಾಗಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಆ ನದಿ. 1816ರಲ್ಲಿ ಹೊಸ ಗಡಿ ಎಳೆದಾಗ ಒಂದೇ ಊರು ನದಿಯ ಮಧ್ಯಕ್ಕೆ ಸೀಳಿ ಎರಡಾಯಿತು. ಆಚೆಯ ದಂಡೆಯ ಲೌಫೆನ್ ಇಂದಿಗೂ ಜರ್ಮನಿಗೆ ಸೇರಿದೆ. ಯುದ್ಧಗಳಿಂದ ಬಳಲಿದ, ಬೆಳೆ ಕೈಕೊಟ್ಟ, ಗಡಿಯಿಂದ ತುಂಡಾದ ಬಡ ದೋಣಿಗಾರರ ಊರಿಗೆ ಆ ಹಾಡು ಹುಟ್ಟಿತು. ನಮಗೆ ಇದು ಹೊಸದೇ? ತುಂಗಭದ್ರೆಯ ಈಚೆ ನಿಜಾಮರ ರಾಜ್ಯ, ಆಚೆ ಹೊಸಪೇಟೆಯಲ್ಲಿ ಇಂಗ್ಲಿಷರ ರಾಜ್ಯ ಎಂಬಂತೆ ನಮ್ಮ ಹಿರಿಯರೂ ನದಿಯನ್ನೇ ಗಡಿ ಮಾಡಿಕೊಂಡು ಬದುಕಿದವರು. 1948ರಲ್ಲಿ ಹೈದರಾಬಾದ್ ವಿಮೋಚನೆಯಾಗಿ, 1956ರಲ್ಲಿ ಎರಡೂ ದಂಡೆಗಳು ಒಂದೇ ರಾಜ್ಯದಲ್ಲಿ ಕೂಡಿದವು. ಸಾಲ್ಸಾಖ್ ನದಿಯ ಪ್ರವಾಹಗಳಿಂದ ಜೀರ್ಣವಾದ ಆ ಹಳೆಯ ದೇವಾಲಯ ಈಗಿಲ್ಲ. ಅದರ ಜಾಗದಲ್ಲಿ 1937ರಲ್ಲಿ ಪ್ರತಿಷ್ಠೆಯಾದ ಪುಟ್ಟ ಸ್ಮಾರಕ ಗುಡಿ ಇದೆ. ನಮ್ಮ ತಂಡ ಒಳಹೊಕ್ಕರೆ ಉಳಿದವರು ಹೊರಗೆ ಕಾಯಬೇಕು, ಅಷ್ಟು ಚಿಕ್ಕದು. ನಾವು ಆ ಗೀತೆಯನ್ನು ಕನ್ನಡದಲ್ಲಿ ಹಾಡಿದೆವು. ಎತ್ತಿದ ಶ್ರುತಿ ಮೇಲಾಗಿ ಮೂರನೆಯ ನುಡಿಗೆ ಹೆಂಗಸರ ದನಿ ಒಡೆಯಿತು. ಶ್ರುತಿ ಹಿಡಿದವನು ನಾನೇ.

ಅದೇ ದಿನ ಸಂಜೆ ನಾವು ಇಳಿದುಕೊಂಡಿದ್ದ ಹಳ್ಳಿಯಲ್ಲಿ ಪೂಜೆ ಇತ್ತು. ಒಬ್ಬನೇ ಹೋದೆ. ಭವ್ಯ ದೇವಾಲಯ, ಒಳಗೆ ಇಪ್ಪತ್ತೈದು ಮೂವತ್ತು ಜನ, ಬಹುಪಾಲು ಮುದುಕಿಯರು. ಗಾನವೃಂದವಿಲ್ಲ, ಮೈಕಿನ ಮುಂದೆ ಹಾಡುವವರಿಲ್ಲ. ಆರ್ಗನ್ ನುಡಿಸುವವನು ಹಿಂದಿನ ಅಟ್ಟದ ಮೇಲೆ, ಯಾರಿಗೂ ಕಾಣದಂತೆ ಕುಳಿತಿದ್ದ. ಗೋಡೆಯ ಮೇಲಿನ ಹಲಗೆಯಲ್ಲಿ ಹಾಡುಗಳ ಸಂಖ್ಯೆ ಹಾಕಿರುತ್ತಾರೆ. ಜರ್ಮನಿ, ಆಸ್ಟ್ರಿಯಾಗಳ ಕಥೋಲಿಕರಿಗೆಲ್ಲ 1975ರಿಂದ ಒಂದು ಸಾಮಾನ್ಯ ಹಾಡಿನ ಪುಸ್ತಕವಿದೆ, 2013ರಲ್ಲಿ ಅದನ್ನು ಹೊಸದಾಗಿ ಅಚ್ಚು ಹಾಕಿದ್ದಾರೆ. ಎಲ್ಲರೂ ಪುಸ್ತಕ ತೆರೆದು ಹಾಡಿದರು. ದನಿಗಳು ನಡುಗುತ್ತಿದ್ದವು, ಕೆಲವು ಶ್ರುತಿ ಬಿಟ್ಟಿದ್ದವು; ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ. ನನ್ನ ಪಕ್ಕದ ಅಜ್ಜಿ ನನ್ನ ಕೈ ಬರಿದಾಗಿರುವುದನ್ನು ಕಂಡು ತನ್ನ ಪುಸ್ತಕವನ್ನು ನಮ್ಮಿಬ್ಬರ ನಡುವೆ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ನಡೆಸಿದಳು. ಜರ್ಮನ್ ಭಾಷೆಯ ಒಂದಕ್ಷರ ಬಾರದ ನನಗೆ! ನಾನು ಬರೀ ಸ್ವರ ಹಿಡಿದು ಗುನುಗಿದೆ. ಆಕೆಗೆ ಅಷ್ಟೇ ಸಾಕಾಗಿತ್ತು, ಚೆನ್ನಾಯಿತೆಂಬಂತೆ ತಲೆಯಾಡಿಸಿದಳು.

ಕೈಯಲ್ಲಿ ಕೆಲಸವಿಲ್ಲದೆ, ಮುಂದಿನ ಹಾಡಿನ ಚಿಂತೆಯಿಲ್ಲದೆ, ಒಬ್ಬ ಸಾಮಾನ್ಯ ವಿಶ್ವಾಸಿಯಾಗಿ ಬೆಂಚಿನ ಮೇಲೆ ಕುಳಿತು ಪೂಜೆಯಲ್ಲಿ ಪಾಲುಗೊಂಡದ್ದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು. ಪರಮಪ್ರಸಾದ ಸ್ವೀಕರಿಸಿ ಬಂದು ಮೊಣಕಾಲೂರಿದೆ. ಎದ್ದೇಳಬೇಕಾದ ಅವಸರವಿರಲಿಲ್ಲ. ಆ ಮೌನದಲ್ಲಿ ನನಗೆ ಕೇಳಿಸಿದ್ದು ಆರ್ಗನ್ ಅಲ್ಲ. 2009ರಲ್ಲಿ ನಾನು ನಿಲ್ಲಿಸಿದ ಹಾಡು, ನುಡಿಯ ಕೊನೆಯ ಆ ಎಳೆದ ಸ್ವರ. ಪರದೇಶದ ಮುದುಕಿಯೊಬ್ಬಳು ಭಾಷೆ ಬಾರದವನಿಗೆ ಪುಸ್ತಕ ಹಂಚಿದಳು. ನಾನು ನನ್ನ ಊರಿನ, ನನ್ನ ಭಾಷೆಯ ಮುದುಕಿಯರನ್ನು ಎಬ್ಬಿಸಿ ಕಳುಹಿಸಿದ್ದೆ. ಬಹಳ ಹೊತ್ತು ಅಲ್ಲೇ ಕುಳಿತಿದ್ದೆ. ದೀಪ ಆರಿಸಲು ಬಂದವರು ಮೆಲ್ಲನೆ ಕೆಮ್ಮಿ ಎಬ್ಬಿಸಬೇಕಾಯಿತು.

ನವೆಂಬರಿನಲ್ಲಿ ಊರಿಗೆ ಬಂದವನು ಅಜ್ಜಿಯರನ್ನು ವಿಚಾರಿಸಿದೆ. ಒಬ್ಬರು ತೀರಿಹೋಗಿದ್ದರು. ಇನ್ನೊಬ್ಬರಿಗೆ ಮನೆಯವರ ಗುರುತೇ ಹತ್ತುತ್ತಿರಲಿಲ್ಲ. ಅಂದು ನನ್ನನ್ನು ಪ್ರಶ್ನಿಸಿದ ಮೂರನೆಯವರು ಮಗಳೊಂದಿಗೆ ಕುಷ್ಟಗಿಯ ಹತ್ತಿರದ ಹಳ್ಳಿಯಲ್ಲಿದ್ದಾರೆಂದು ತಿಳಿದು ಬಸ್ಸು ಹತ್ತಿದೆ. ಅವರು ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದರು. ನಾನು ತಪ್ಪಾಯಿತೆಂದೆ. "ಬರ್ರಿ, ನೀರು ಕುಡೀರಿ," ಎಂದರು. ಹಾಡು ಹೇಳಿಕೊಡಿ ಎಂದೆ. ಆಗಂಗಿಲ್ಲ ಎಂದುಬಿಟ್ಟರು. ಸಿಟ್ಟಿನಿಂದಲ್ಲ. ಅದು ಪಾಡಿನ ಹಾಡು, ತಪಸ್ಸುಕಾಲದಲ್ಲಿ ಅಲ್ಲದೆ ಬೇರೆ ಹೊತ್ತಿನಲ್ಲಿ ಬಾಯಿಗೆ ತರಬಾರದು, ಮನೆಗೆ ಒಳ್ಳೆಯದಲ್ಲ ಎಂಬ ಕಟ್ಟುಪಾಡು. ನಾನು ಕಾ­ದೆ. 2019ರ ಮಾರ್ಚ್ 6ರಂದು ವಿಭೂತಿ ಬುಧವಾರ. ಅದರ ಮೂರನೆಯ ದಿನ ಮತ್ತೆ ಹೋದೆ. ಆ ತಪಸ್ಸುಕಾಲದಲ್ಲಿ ಆರು ಸಲ ಹೋದೆ. ಅವರು ಹಾಡಿದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಮೊಮ್ಮಗ ಮೊಬೈಲಿನಲ್ಲಿ ಹಿಡಿದ. ಕೋಳಿಯ ಕೂಗು, ಟ್ರ್ಯಾಕ್ಟರಿನ ಸದ್ದು ಎಲ್ಲವೂ ಅದರಲ್ಲಿವೆ.

ಶ್ರುತಿಯ ಗುಟ್ಟು ತಿಳಿದದ್ದೂ ಆಗಲೇ. ಅವರು ಶ್ರುತಿ ತಪ್ಪಿರಲೇ ಇಲ್ಲ. ಅವರು ನಿಲ್ಲುತ್ತಿದ್ದ ಸ್ವರ ಹಾರ್ಮೋನಿಯಮ್ಮಿನ ಯಾವ ಮನೆಯಲ್ಲೂ ಇಲ್ಲ. ನಾವು ನಮ್ಮದೇ ಎಂದುಕೊಂಡಿರುವ ಈ ಪೆಟ್ಟಿಗೆಯೇ ಪರದೇಶಿ. 1840ರ ದಶಕದ ಆರಂಭದಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೇನ್ ಇದಕ್ಕೆ ಹಕ್ಕುಪತ್ರ ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವ ಹಾಗೆ ಅದನ್ನು ಮಾರ್ಪಡಿಸಿದರು. ಕಂಪನಿ ನಾಟಕಗಳ ಜೊತೆ ಅದು ನಮ್ಮ ಹಳ್ಳಿಗಳನ್ನು ಹೊಕ್ಕಿತು. ಸ್ವರದಿಂದ ಸ್ವರಕ್ಕೆ ಜಾರಲಾರದು, ನಡುವಿನ ಸೂಕ್ಷ್ಮ ಶ್ರುತಿಗಳನ್ನು ನುಡಿಯಲಾರದು ಎಂಬ ಆಕ್ಷೇಪದಿಂದ ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಅಷ್ಟು ಕಟ್ಟುನಿಟ್ಟು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಈ ಪೆಟ್ಟಿಗೆಯಿಲ್ಲದೆ ನಮ್ಮ ಬಡ ದೇವಾಲಯಗಳಲ್ಲಿ ಹಾಡೇ ನಿಲ್ಲುತ್ತಿರಲಿಲ್ಲ. ಆದರೆ ಪೆಟ್ಟಿಗೆಗೆ ನಿಲುಕದ ಸ್ವರವನ್ನು ಅಪಸ್ವರವೆಂದು ನಿರ್ಣಯಿಸಿದವನು ನಾನು, ಪೆಟ್ಟಿಗೆಯಲ್ಲ.

ಆ ದಿನಗಳಲ್ಲಿ ನಮ್ಮ ಕಡೆಗೆ ಯಾತ್ರೆ ಬಂದ ಪರದೇಶಿಯರ ನೆನಪು ಬಾರದೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಗುರುಗಳು ಮರಾಠಿ ಸಂತರ ಓವಿಯನ್ನು ಕಿವಿಯಾರೆ ಕೇಳಿ, ಅದೇ ಛಂದಸ್ಸಿನಲ್ಲಿ ಸುಮಾರು 11,000 ನುಡಿಗಳ 'ಕ್ರಿಸ್ತಪುರಾಣ'ವನ್ನು ರಚಿಸಿದರು; 1616ರಲ್ಲಿ ಅದು ರಾಚೋಲಿನಲ್ಲಿ ಅಚ್ಚಾಯಿತು. ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಅದನ್ನು ಹಾಡುವ ವಾಡಿಕೆ ಬಹುಕಾಲ ಉಳಿದಿತ್ತು. ನಮ್ಮ ಸೋದರ ಸಭೆಯಾದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ಲರು 1853ರಲ್ಲಿ ಬಂದವರು. 1894ರ ಅವರ ಕನ್ನಡ ನಿಘಂಟನ್ನು ಎಲ್ಲರೂ ಬಲ್ಲರು. ಅದಕ್ಕೂ ಬಹಳ ಮೊದಲು, 1862ರಲ್ಲಿ, ಯೇಸುಸ್ವಾಮಿಯ ಚರಿತ್ರೆಯನ್ನು ನಮ್ಮ ಪದ್ಯಗಳ ಧಾಟಿಯಲ್ಲಿ 'ಕಥಾಮಾಲೆ' ಎಂದು ಬರೆದದ್ದನ್ನು ಬಲ್ಲವರು ಕಡಿಮೆ. ಇವರು ತಮ್ಮ ದೇಶದ ರಾಗಗಳನ್ನು ಹೊತ್ತು ತಂದು ಸುರಿಯಬಹುದಿತ್ತು. ಮೊದಲು ಕುಳಿತು ಕೇಳಿದರು. ಕಡಲು ದಾಟಿ ಬಂದವರಿಗೆ ಕೇಳಿಸಿದ್ದು ಇಲ್ಲೇ ಹುಟ್ಟಿದ ನನಗೆ ಕೇಳಿಸಲಿಲ್ಲ.

ಹೊರಗೆ ಹೋಗಿಬಂದವರು ತರುವ ಸಾಮಾನುಗಳೆಲ್ಲ ಇಲ್ಲಿ ನಡೆಯುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ನಾನು ಬಂದವನೇ ಬಡಗಿಗೆ ಹೇಳಿ ಸಂಖ್ಯೆಯ ಹಲಗೆ ಮಾಡಿಸಿದೆ. ಎರಡು ತಿಂಗಳಲ್ಲಿ ಅದನ್ನು ತೆಗೆದಿಡಬೇಕಾಯಿತು. ಎಲ್ಲರ ಕೈಯಲ್ಲೂ ಪುಸ್ತಕವಿಲ್ಲ, ಇದ್ದರೂ ಹಿರಿಯರಿಗೆ ಓದು ಬಾರದು. ನಮ್ಮ ಜನ ಕೇಳಿ ಕಲಿಯುವವರು. ಅದರ ಬದಲು ಪೂಜೆಗೆ ಹತ್ತು ನಿಮಿಷ ಮುಂಚೆ ಗಾನವೃಂದದವರು ಜನರ ನಡುವೆ ಕುಳಿತು ಒಂದು ಪಲ್ಲವಿಯನ್ನು ಮಾತ್ರ ಎಲ್ಲರ ಬಾಯಲ್ಲಿ ಆಡಿಸುವ ಪದ್ಧತಿ ಮಾಡಿದೆವು. ನಮ್ಮ ಭಜನೆಯಲ್ಲಿ ಮುಮ್ಮೇಳ ಹಿಮ್ಮೇಳ ಇದ್ದಂತೆ. ಸ್ಪೀಕರಿನ ದನಿ ತಗ್ಗಿಸಿದೆವು. ಮುಂದೆ ಬಲಿಪೀಠದ ಪಕ್ಕದಲ್ಲಿ ನಿಲ್ಲುತ್ತಿದ್ದ ಗಾನವೃಂದ ಪಕ್ಕದ ಸಾಲಿಗೆ ಸರಿಯಿತು. ಕಿರಿಯರಲ್ಲಿ ಇಬ್ಬರು ಮುನಿಸಿಕೊಂಡು ಆರು ತಿಂಗಳು ಬರಲಿಲ್ಲ. ಒಬ್ಬ ಮರಳಿ ಬಂದಿದ್ದಾನೆ. ಇನ್ನೊಬ್ಬನಿಗಾಗಿ ಇನ್ನೂ ಕಾಯುತ್ತಿದ್ದೇನೆ, ಒಳ್ಳೆಯ ಕಂಠ.

ಮತ್ತೊಂದು. ಪರಮಪ್ರಸಾದದ ನಂತರ ಈಗ ನಾವು ತಕ್ಷಣ ಹಾಡುವುದಿಲ್ಲ. ಎರಡು ನಿಮಿಷ ಹಾರ್ಮೋನಿಯಮ್ಮಿನ ಮೇಲೆ ಬಟ್ಟೆ ಮುಚ್ಚಿರುತ್ತದೆ. ಕೀಬೋರ್ಡ್ ನುಡಿಸುವ ಹುಡುಗನೂ ಕೈ ಜೋಡಿಸಿ ಕುಳಿತಿರುತ್ತಾನೆ. ಮೊದಮೊದಲು ಜನ ಏನೋ ಕೆಟ್ಟುಹೋಯಿತೆಂದು ತಿರುಗಿ ನೋಡುತ್ತಿದ್ದರು.

2019ರ ಏಪ್ರಿಲ್ 19, ಶುಭ ಶುಕ್ರವಾರ, ಮೊಮ್ಮಗನ ಬೈಕಿನ ಹಿಂದೆ ಕುಳಿತು ಆ ಅಜ್ಜಿ ಕುಷ್ಟಗಿ ಕಡೆಯಿಂದ ಬಂದರು. ಶಿಲುಬೆ ಹಾದಿ ಮುಗಿದ ಮೇಲೆ ತಮ್ಮ ಹಳೆಯ ಜಾಗದಲ್ಲೇ ನೆಲದ ಮೇಲೆ ಕುಳಿತರು. ಪಕ್ಕದಲ್ಲಿ ನಾಲ್ವರು ಹುಡುಗಿಯರನ್ನು ಕೂರಿಸಿದ್ದೆ. ಯಾವ ವಾದ್ಯವೂ ಇರಲಿಲ್ಲ. ಹತ್ತು ವರ್ಷಗಳ ಮೇಲೆ ಆ ಸ್ವರ ದೇವಾಲಯದಲ್ಲಿ ಎದ್ದಾಗ, ಕ್ಯಾಂಪಿನ ತೆಲುಗು ಹೆಂಗಸರು ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡೆ. ಮುಗಿದ ಮೇಲೆ ಅಜ್ಜಿ ನನ್ನನ್ನು ಕರೆದು, "ಈಗ ಕೂಡ್ತೇನ್ರಿ ಮಾಸ್ತರ್ರ, ಶ್ರುತಿ?" ಎಂದರು. ನಗುತ್ತಲೇ ಅಂದರು.

ಮರುವರ್ಷ ಕೊರೋನಾ ಬಂತು. 2020ರ ಏಪ್ರಿಲ್ 10ರ ಶುಭ ಶುಕ್ರವಾರ ದೇವಾಲಯಕ್ಕೆ ಬೀಗ. ಅಂದು ಮಧ್ಯಾಹ್ನ ಮೂರು ಗಂಟೆಗೆ ಮೊಮ್ಮಗ ಫೋನ್ ಹಚ್ಚಿ ಅಜ್ಜಿಯ ಬಾಯಿಯ ಹತ್ತಿರ ಹಿಡಿದ; ನಾನು ನಮ್ಮ ಮನೆಯಲ್ಲಿ ಶಿಲುಬೆಯ ಮುಂದೆ ಮೊಣಕಾಲೂರಿ ಕೇಳಿದೆ. ಉಸಿರು ಸಾಲದೆ ಕೊನೆಯ ಸ್ವರ ಅರ್ಧಕ್ಕೇ ನಿಂತಿತು. ಅದೇ ವರ್ಷ ಮಳೆಗಾಲದಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಅಂತ್ಯಕ್ರಿಯೆಗೆ ಹೋಗಲು ಹತ್ತೇ ಜನರಿಗೆ ಅಪ್ಪಣೆ ಸಿಕ್ಕಿತು, ಅವರಲ್ಲಿ ನಾನೊಬ್ಬ.

ಆ ನಾಲ್ವರು ಹುಡುಗಿಯರಲ್ಲಿ ಒಬ್ಬಳು ಮದುವೆಯಾಗಿ ಯಲಬುರ್ಗಾಕ್ಕೆ ಹೋಗಿದ್ದಾಳೆ, ಇಂದು ಇಲ್ಲಿ ಕುಳಿತಿದ್ದಾಳೆ. ಅಲ್ಲಿಯೂ ಹಾಡನ್ನು ಹಚ್ಚಿದ್ದಾಳೆಂದು ಕೇಳಿ ಸಂತೋಷವಾಯಿತು. ಅಜ್ಜಿ ಹೇಳಿದ ಪ್ರಕಾರ ಹಾಡಿಗೆ ಹದಿನಾಲ್ಕು ನುಡಿಗಳು. ನಮ್ಮ ನೋಟ್‌ಬುಕ್ಕಿನಲ್ಲಿ ಇರುವುದು ಒಂಬತ್ತು. ಮರಿಯಮ್ಮನವರು ಬಾವಿಯ ಬಳಿ ನೀರು ಸೇದುವ ಹೆಂಗಸನ್ನು ಕೇಳುವ ನುಡಿ ಇದೆ, ಆಕೆ ಏನು ಉತ್ತರ ಕೊಟ್ಟಳೆಂಬುದು ಇಲ್ಲ. ಬಡಗಿಯ ಅಂಗಡಿಯ ಮುಂದಿನ ನುಡಿಯಲ್ಲಿ ಮೊದಲ ಸಾಲು ಮಾತ್ರ ಇದೆ. ಮುದಗಲ್ಲಿನ ಕಡೆಯ ಸಂಬಂಧವಿರುವ ಮನೆತನದವರು ಈ ಸಭೆಯಲ್ಲಿ ಹಲವರಿದ್ದೀರಿ. ತಮ್ಮ ಮನೆಯ ಹಿರಿಯರ ಬಾಯಲ್ಲಿ ಇದರ ಒಂದು ಸಾಲು ಉಳಿದಿದ್ದರೂ ದಯವಿಟ್ಟು ತಿಳಿಸಬೇಕು. ಊಟದ ಹೊತ್ತಿನಲ್ಲಿ ನಾನು ನೋಟ್‌ಬುಕ್ ಹಿಡಿದು ಬಾಗಿಲ ಬಳಿ ಇರುತ್ತೇನೆ. ತಪಸ್ಸುಕಾಲ ಇನ್ನೂ ಬಂದಿಲ್ಲವೆಂದು ಯಾರಾದರೂ ಹಾಡಲು ಹಿಂಜರಿದರೆ ಹಾಡುವುದು ಬೇಡ. ಮನೆಯ ವಿಳಾಸ ಹೇಳಿ ಸಾಕು, ಆಗ ನಾನೇ ಬರುತ್ತೇನೆ.